ಮೊದಲು ನೆರೆಮನೆಯವರಾಗಿ: ಡೊಡೊಮಾ ಸೀಮೆಯಲ್ಲಿ ಮಿಷನರಿ ಸಂಸಾರ ಹೂಡುವ ಬಗೆ

ಟಾಂಜಾನಿಯಾದ ಡೊಡೊಮಾ ಪಟ್ಟಣದಿಂದ ಒಂದೂವರೆ ತಾಸಿನ ದಾರಿಯ ಹಳ್ಳಿಯೊಂದರಲ್ಲಿ ನಾವು ಸಾಮಾನು ಇಳಿಸಿದ ದಿನ, ಬಾಗಿಲಿಗೆ ಬಂದ ಮೊದಲ ಹೆಂಗಸು ಕೇಳಿದ್ದು ಒಂದೇ ಮಾತು: "ಡುಕಾ ಲೆನು ಲಿಕೊ ವಾಪಿ?" ನಿಮ್ಮ ಅಂಗಡಿ ಎಲ್ಲಿ? ಡುಕಾ ಅಂದರೆ ನಮ್ಮ ದುಕಾನೇ. ನಮಗೆ ಅಂಗಡಿ ಇಲ್ಲ, ನಾವು ಕ್ರೈಸ್ತ ಸಭೆಯ ಸೇವೆಗೆ ಬಂದವರು ಎಂದು ಯಜಮಾನರ ಜೊತೆಗಿದ್ದವರು ಹೇಳಿದರು. ಆಕೆ ನಂಬಲಿಲ್ಲ. ಹೇಗೆ ನಂಬಬೇಕು? ಅಲ್ಲಿ ಭಾರತೀಯ ಎಂದರೆ ಮ್ಹಿಂದಿ, ಮ್ಹಿಂದಿ ಎಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು. ತಲೆಮಾರುಗಳಿಂದ ಊರೂರಲ್ಲಿ ಅಂಗಡಿ ಇಟ್ಟವರು ಗುಜರಾತಿ ಮನೆತನದವರು. 1971ರಲ್ಲಿ ಸರ್ಕಾರ ಬಾಡಿಗೆ ಕಟ್ಟಡಗಳನ್ನು ರಾಷ್ಟ್ರೀಕರಣ ಮಾಡಿದಾಗ ಅವರಲ್ಲಿ ಎಷ್ಟೋ ಮಂದಿ ದೇಶ ಬಿಟ್ಟರು, ಆದರೆ ಆ ಚಿತ್ರ ಹಾಗೇ ಉಳಿದಿದೆ. ಬಿಳಿಯ ಮಿಷನರಿಯನ್ನು ಅಲ್ಲಿಯ ಜನ ಅಜ್ಜಂದಿರ ಕಾಲದಿಂದ ನೋಡಿದ್ದಾರೆ. ಗದಗ-ಬೆಟಗೇರಿಯಿಂದ ಬಂದ ಮಿಷನರಿಯನ್ನು ನೋಡಿಲ್ಲ.

ನಾನು ನರ್ಸಿಂಗ್ ಓದಿದವಳು. ನಮ್ಮ ಯಜಮಾನರು ಬಡಗಿ ಕೆಲಸ, ವೆಲ್ಡಿಂಗ್ ಕಲಿಸುವ ಮೇಷ್ಟ್ರು. ಹೋದಾಗ ಮಗಳಿಗೆ ಏಳು, ಮಗನಿಗೆ ನಾಲ್ಕು ವರ್ಷ. ಒಂಬತ್ತು ವರ್ಷ ಅಲ್ಲಿದ್ದೆವು. ಈಗ ನಮ್ಮ ಕಡೆಯಿಂದ ಹೊರಡುವ ಚಿಕ್ಕ ಸಂಸಾರಗಳವರು ಬಂದು "ಅಕ್ಕಾ, ಏನೇನು ಒಯ್ಯಬೇಕು?" ಎಂದು ಕೇಳುತ್ತಾರೆ. ಒಯ್ಯುವುದು ಕಡಿಮೆ, ಕಲಿಯುವುದು ಬಹಳ. ನೀವು ಯಾರು ಎಂಬುದನ್ನು ಅಲ್ಲಿ ಬಾಯಿಂದ ಹೇಳಿ ತಿಳಿಸಲಾಗದು. ನೀರಿನ ಸಾಲಿನಲ್ಲಿ, ಗಿರಣಿಯಲ್ಲಿ, ಸಾವಿನ ಮನೆಯಲ್ಲಿ ನಿಮ್ಮನ್ನು ನೋಡಿ ನೋಡಿ ಜನ ತಾವೇ ತಿಳಿದುಕೊಳ್ಳುತ್ತಾರೆ. ಅದಕ್ಕೇ ಮನೆ ನಡೆಸುವ ಸಂಗತಿಗಳನ್ನೇ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಮಿಷನರಿಗಳಿಗೆ ಟಾಂಜಾನಿಯಾದಲ್ಲಿ ಕ್ಲಾಸ್ ಸಿ ನಿವಾಸ ಪರವಾನಗಿ ಬೇಕು. ಕರೆಸಿಕೊಳ್ಳುವ ಸಭೆಯವರೇ ಅರ್ಜಿ ಹಾಕುತ್ತಾರೆ. ಮದುವೆ ಪತ್ರ, ಮಕ್ಕಳ ಜನನ ಪತ್ರ, ಓದಿನ ಸರ್ಟಿಫಿಕೇಟು ಎಲ್ಲದರ ದೃಢೀಕರಿಸಿದ ಪ್ರತಿಗಳನ್ನು ಎರಡೆರಡು ಕಟ್ಟು ಮಾಡಿ ಬೇರೆ ಬೇರೆ ಚೀಲದಲ್ಲಿ ಇಡಿ. ಹಳದಿ ಜ್ವರದ ಚುಚ್ಚುಮದ್ದನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿ. ಆ ಹಳದಿ ಕಾರ್ಡು ಈಗ ಜೀವನಪೂರ್ತಿ ನಡೆಯುತ್ತದೆ, ಪಾಸ್‌ಪೋರ್ಟಿಗೇ ಸಿಕ್ಕಿಸಿಡಿ. ಆಫ್ರಿಕಾದ ಆ ಜ್ವರದ ದೇಶಗಳನ್ನು ಹಾದು ಕಾರ್ಡಿಲ್ಲದೆ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನಿಗೆ ಕಳಿಸುತ್ತಾರೆ.

ಪ್ರೆಶರ್ ಕುಕ್ಕರಿನ ನಾಲ್ಕಾರು ಗ್ಯಾಸ್ಕೆಟ್ಟು, ಸಾಸಿವೆ, ಇಂಗು, ಮಕ್ಕಳ ಕನ್ನಡ ಪುಸ್ತಕ, ಸತ್ಯವೇದ, ಕೀರ್ತನೆ ಪುಸ್ತಕ ಒಯ್ಯಿರಿ. ಬೇಳೆಕಾಳಿನ ಚೀಲ ಹೊರಬೇಡಿ, ಅಲ್ಲಿ ಬೆಳೆಯದ ಕಾಳೇ ಇಲ್ಲ. ಕರೆಂಟು ನಮ್ಮದೇ 230 ವೋಲ್ಟು, ಆದರೆ ಪ್ಲಗ್ಗು ಚಪ್ಪಟೆ ಕಾಲಿನ ಬ್ರಿಟಿಷ್ ನಮೂನೆಯದು. ನಮ್ಮ ಗುಂಡುಕಾಲಿನ ಪ್ಲಗ್ಗು ಕೂರುವುದಿಲ್ಲ. ಕರೆಂಟಿಗೆ ಮುಂಗಡ ದುಡ್ಡು ಕಟ್ಟಬೇಕು. ಫೋನಿನಲ್ಲಿ ಕಟ್ಟಿದರೆ 20 ಅಂಕಿಯ ಸಂಖ್ಯೆ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಇದಕ್ಕೆ ಲುಕು ಎನ್ನುತ್ತಾರೆ.

ಬಾಯಿ, ಗಡಿಯಾರ

ಮೊದಲ ಆರು ತಿಂಗಳು ಬೇರೆ ಯಾವ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳಬೇಡಿ, ಅಲ್ಲಿಯ ಭಾಷೆ ಸ್ವಾಹಿಲಿ ಕಲಿಯಿರಿ. ಇದರಲ್ಲಿ ನನ್ನದು ಹಟವೇ ಇದೆ. ಬಾಸೆಲ್ ಮಿಷನ್ನಿನ ಕಿಟೆಲ್ ಸಾಹೇಬರು 1853ರಲ್ಲಿ ನಮ್ಮ ನಾಡಿಗೆ ಬಂದರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅದೇ ಬಾಸೆಲ್ಲಿನಲ್ಲಿ ಓದಿದ ಮಿಷನರಿ ಯೋಹಾನ್ ಕ್ರಾಪ್ಫ್ 1844ರಲ್ಲಿ ಈಗಿನ ಕೀನ್ಯಾದ ಮೊಂಬಾಸಾಕ್ಕೆ ಬಂದು, ಅದೇ ವರ್ಷ ಹೆಂಡತಿಯನ್ನೂ ಹಸುಗೂಸನ್ನೂ ಮಣ್ಣು ಮಾಡಿ, ಆಮೇಲೂ ಸ್ವಾಹಿಲಿ ಪದಗಳನ್ನು ಕೂಡಿಸುತ್ತಾ ಕೂತರು. ನಿಘಂಟು ಹೊರಬಂದದ್ದು ಅವರು ತೀರಿಕೊಂಡ ಮರುವರ್ಷ, 1882ರಲ್ಲಿ. ನಮ್ಮ ಮುತ್ತಜ್ಜಂದಿರ ಬಾಯಿಯನ್ನು ಕಲಿಯಲು ಒಬ್ಬರು ಆಯುಷ್ಯ ಕೊಟ್ಟಿದ್ದಾರೆ. ಆರು ತಿಂಗಳು ಕೊಡಲು ನಮಗೇನು ಕಷ್ಟ?

ಕನ್ನಡದ ನಾಲಿಗೆಗೆ ಸ್ವಾಹಿಲಿ ಒಗ್ಗುತ್ತದೆ. ಬರೆದಂತೆ ಓದುವ ಭಾಷೆ, ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ. ನಾವು ಬಸ್ಸು ಎಂದಂತೆ ಅವರು ಬಾಸಿ ಎನ್ನುತ್ತಾರೆ, ನಾವು ಬ್ಯಾಂಕು ಎಂದರೆ ಅವರು ಬೆಂಕಿ! ವ್ಯಾಕರಣದಲ್ಲಿ ಒಂದನ್ನು ಹಿಡಿದುಕೊಳ್ಳಿ: ನಾವು ಬಾಲಕ್ಕೆ ಕಟ್ಟುವುದನ್ನು ಅವರು ತಲೆಗೆ ಕಟ್ಟುತ್ತಾರೆ. "ಬರುತ್ತೇನೆ" ಎಂಬುದರಲ್ಲಿ "ನಾನು" ಕೊನೆಗಿದೆ. "ನಿತಕುಜಾ" ಎಂಬುದರಲ್ಲಿ "ನಿ" ಮೊದಲಿಗೇ ಬಂತು. ಇದು ತಲೆಗೆ ಹೋದ ದಿನದಿಂದ ನಾನು ಅಡುಗೆಮನೆಯಲ್ಲಿ ನನ್ನಷ್ಟಕ್ಕೇ ಕ್ರಿಯಾಪದ ಕಟ್ಟುತ್ತಾ ಓಡಾಡಿದೆ.

ಹಿರಿಯರು ಕಂಡರೆ "ಶಿಕಾಮೊ" ಎನ್ನಿ, ಅವರು "ಮರಹಬಾ" ಎನ್ನುತ್ತಾರೆ. ನಿಮಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು ಅನ್ನಿಸಿದರೂ ಶಿಕಾಮೊ ಹೇಳಿ, ಹೆಚ್ಚಾದರೆ ನಷ್ಟವಿಲ್ಲ. ಆಮೇಲೆ ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ರಾತ್ರಿ ಹೇಗೆ ಕಳೆಯಿತು ಎಂದು ಒಂದೊಂದಾಗಿ ಕೇಳಬೇಕು. ಅವಸರದಲ್ಲಿ ಕೆಲಸದ ಮಾತಿಗೆ ಇಳಿದರೆ ನೀವು ಸಿಟ್ಟಿನಲ್ಲಿದ್ದೀರಿ ಎಂದುಕೊಳ್ಳುತ್ತಾರೆ. ಅಲ್ಲಿಯ ಗೊಗೊ ಜನರಿಗೆ ಅವರದೇ ಮಾತಿನಲ್ಲಿ "ಎಂಬುಕ್ವೆನಿ" ಎಂದರಂತೂ ಮುಖ ಅರಳುತ್ತದೆ. ಬಾಗಿಲಲ್ಲಿ "ಹೊಡಿ" ಎಂದು ಕೂಗಿ ನಿಲ್ಲಬೇಕು, ಒಳಗಿಂದ "ಕರಿಬು" ಬರುವವರೆಗೆ ಹೊಸಿಲು ದಾಟಬಾರದು. ಇನ್ನು "ಪೊಲೆ" ಎಂಬ ಪದ. ಎಡವಿದರೂ ಪೊಲೆ, ಹುಷಾರಿಲ್ಲದಿದ್ದರೂ ಪೊಲೆ, ಬಿಸಿಲಲ್ಲಿ ದುಡಿಯುತ್ತಿದ್ದರೂ ಪೊಲೆ. ತಪ್ಪು ಮಾಡಿದವರು ಕೇಳುವ ಕ್ಷಮೆಯಲ್ಲ ಅದು, ನಿನ್ನ ನೋವು ನನ್ನ ಕಣ್ಣಿಗೆ ಬಿತ್ತು ಎನ್ನುವ ಮಾತು. ಅದಕ್ಕೆ ಸರಿಯಾದ ಕನ್ನಡ ನನಗಿನ್ನೂ ಸಿಕ್ಕಿಲ್ಲ.

ಗಡಿಯಾರವನ್ನೂ ಕಲಿಯಬೇಕು. ಸಮಭಾಜಕಕ್ಕೆ ಹತ್ತಿರದ ನಾಡಾದ್ದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಆರಕ್ಕೇ ಹುಟ್ಟುತ್ತಾನೆ. ಅಲ್ಲಿಂದಲೇ ಅವರ ಎಣಿಕೆ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ, ನಮ್ಮ ಒಂಬತ್ತು ಅವರ ಮೂರು. "ಸಾ ತತು", ಮೂರು ಗಂಟೆಗೆ ತಾಯಂದಿರ ಕೂಟ ಎಂದಿದ್ದಕ್ಕೆ ನಾನು ಮಧ್ಯಾಹ್ನ ಮೂರಕ್ಕೆ ಹೋದೆ. ಬೆಳಿಗ್ಗೆ ಒಂಬತ್ತರಿಂದ ಕಾದು, ಹಾಡು ಹಾಡಿ, ಅವರೆಲ್ಲ ಮನೆಗೆ ಹೋಗಿದ್ದರು. ನನಗಾಗಿ ಒಂದು ತಟ್ಟೆ ಅನ್ನ ಮುಚ್ಚಿಟ್ಟಿದ್ದರು.

ನೀರು

ಡೊಡೊಮಾ ಒಣಸೀಮೆ, ಮಳೆ ಸುಮಾರಾಗಿ ನಮ್ಮ ಗದಗ ಸೀಮೆಯಷ್ಟೇ. ಆದರೆ ನವೆಂಬರ್ ಕೊನೆ ಅಥವಾ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಂದೇ ಹಂಗಾಮು. ಉಳಿದ ತಿಂಗಳು ಹನಿ ಇಲ್ಲ. ನಮ್ಮ ಬೋರಿನ ನೀರು ಸವುಳು. ನೀರಿನ ಅಳತೆ ಡುಮು, ಅಂದರೆ 20 ಲೀಟರಿನ ಹಳದಿ ಕ್ಯಾನು. ನಾಲ್ಕು ಜನರ ಮನೆಗೆ ದಿನಕ್ಕೆ ಎಂಟು ಡುಮು ಬೇಕಾಗುತ್ತಿತ್ತು. ಕತ್ತೆಯ ಮೇಲೆ ಹೇರಿ ತಂದುಕೊಡುವ ಹುಡುಗರಿದ್ದಾರೆ. ಆದರೂ ದಿನಕ್ಕೆ ಒಂದು ಸಲವಾದರೂ ನೀವೇ ನಲ್ಲಿಗೆ ಹೋಗಿ ಸಾಲಿನಲ್ಲಿ ನಿಲ್ಲಿ. ನನ್ನ ಸ್ವಾಹಿಲಿಯ ಅರ್ಧ ಅಲ್ಲೇ ಬಂದದ್ದು.

ತಗಡಿನ ಮಾಡಿದ್ದರೆ ಮೊದಲ ವರ್ಷವೇ ದೋಣಿ ಹಾಕಿಸಿ ಮಳೆನೀರು ಹಿಡಿಯಿರಿ. ಲೆಕ್ಕ ಸುಲಭ: ಒಂದು ಚದರ ಮೀಟರ್ ತಗಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಡು 60 ಚದರ ಮೀಟರು, ಹಂಗಾಮಿಗೆ 550 ಮಿಲಿಮೀಟರ್ ಹಿಡಿದರೆ 33,000 ಲೀಟರು. ಸೋರಿಹೋಗುವುದನ್ನು ಕಳೆದರೂ 5,000 ಲೀಟರಿನ ಎರಡು ಟ್ಯಾಂಕು ತುಂಬಿ ಚೆಲ್ಲುತ್ತವೆ. ಕುಡಿಯಲು, ಅಡುಗೆಗೆ ಮಾತ್ರ ದಿನಕ್ಕೆ ಎರಡು ಡುಮು ಮಳೆನೀರು, ಬಟ್ಟೆ-ಪಾತ್ರೆಗೆ ಸವುಳು ನೀರು ಎಂದು ಕಟ್ಟುನಿಟ್ಟು ಮಾಡಿದರೆ ಎರಡು ಟ್ಯಾಂಕು 250 ದಿನ ಬರುತ್ತವೆ, ಬೇಸಗೆ ಪೂರ್ತಿ ದಾಟಬಹುದು. ಹಂಗಾಮಿನ ಮೊದಲ ಮಳೆಯನ್ನು ಟ್ಯಾಂಕಿಗೆ ಬಿಡಬೇಡಿ, ಮಾಡಿನ ಧೂಳು, ಹಕ್ಕಿಯ ಹಿಕ್ಕೆ ತೊಳೆದು ಹೋಗಲಿ. ಕುಡಿಯುವ ನೀರನ್ನು ಕೊತಕೊತ ಕುದಿಸಲೇಬೇಕು.

ಗಿರಣಿ ಮತ್ತು ಒಲೆ

ಈ ಭಾಗ ಬರೆಯುವಾಗ ನನಗೆ ಈಗಲೂ ಖುಷಿ. ಜೋಳ, ರಾಗಿ ನಮ್ಮವು ಎಂದುಕೊಂಡಿರುತ್ತೇವೆ. ಎರಡರ ತವರೂ ಆಫ್ರಿಕಾ. ಜೋಳ ಅಲ್ಲಿ ಮ್ತಾಮಾ, ರಾಗಿ ಉಲೇಜಿ, ಸಜ್ಜೆ ಉವೇಲೆ. ತೊಗರಿ ಎಂಬಾಜಿ, ಹೆಸರು ಚೊರೊಕೊ, ಅಲಸಂದೆ ಕುಂದೆ, ಶೇಂಗಾ ಕರಂಗಾ, ಹುಣಸೆ ಉಕ್ವಾಜು, ನುಗ್ಗೆ ಮ್ಲೊಂಗೆ. ಈ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಸಂತೆಗೆ ಹೋಗಿ. ಕಾಳನ್ನು ಸಾಡೊ ಲೆಕ್ಕದಲ್ಲಿ ಮಾರುತ್ತಾರೆ. ಅದು ನಾಲ್ಕು ಲೀಟರಿನ ಪೇಂಟು ಡಬ್ಬಿ, ನಮ್ಮ ಸೇರು-ಪಾವು ಇದ್ದಂತೆ. ಗೋಪುರದಂತೆ ತುಂಬಿ ಕೊಡುವವರನ್ನು ನೋಡಿ ಕೊಳ್ಳಿ.

ಗಿರಣಿಯಲ್ಲಿ ಒಂದು ಎಚ್ಚರ ಬೇಕು. ಅಲ್ಲಿ ಮೆಕ್ಕೆಜೋಳವನ್ನು ಸಿಪ್ಪೆ ತೆಗೆದು ಬೀಸುವುದು ರೂಢಿ, ಅದಕ್ಕೆ ಕುಕೊಬೊವಾ ಎನ್ನುತ್ತಾರೆ. ರೊಟ್ಟಿಗೆ ಜೋಳ ಒಯ್ದರೆ "ಕುಕೊಬೊವಾ ಬೇಡ, ಸಣ್ಣಗೆ ಬೀಸು" ಎಂದು ಮೊದಲೇ ಹೇಳಿ. ಬಿಳಿ ಜೋಳವನ್ನೇ ಆರಿಸಿ, ಕೆಂಪು ಜೋಳ ಒಗರು. ಮುಂಚೆ ಬೀಸಿದ ಮೆಕ್ಕೆಹಿಟ್ಟು ಗಿರಣಿಯೊಳಗೆ ಉಳಿದಿರುತ್ತದೆ, ಅದಕ್ಕೆ ಮೊದಲ ಎರಡು ಹಿಡಿ ಹಿಟ್ಟನ್ನು ಬೇರೆ ತೆಗೆಯಿರಿ. ಎಸರು ಕುದಿಸಿ ಹಾಕಿ, ಬಿಸಿ ಇರುವಾಗಲೇ ನಾದಿದರೆ ಅಲ್ಲಿಯ ಹಿಟ್ಟಿನಲ್ಲೂ ಅಂಚು ಬಿರಿಯದ ರೊಟ್ಟಿ ಬರುತ್ತದೆ. ಸೂರ್ಯಕಾಂತಿ ಎಣ್ಣೆ ಆ ಸೀಮೆಯದ್ದೇ, ಶೇಂಗಾ ಹಿಂಡಿಗೆ ಬೇಕಾದುದೆಲ್ಲ ಅಲ್ಲೇ ಸಿಗುತ್ತದೆ.

ನಾನು ಮೊದಲ ಸಲ ಇದ್ದಿಲ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಪಕ್ಕದ ಮನೆಯ ಬೀಬಿ ಬಂದು ನಿಂತರು. ಬೀಬಿ ಎಂದರೆ ಸ್ವಾಹಿಲಿಯಲ್ಲಿ ಅಜ್ಜಿ. ರೊಟ್ಟಿ ಉಬ್ಬಿದ್ದನ್ನು ನೋಡಿ, ಒಂದು ಚೂರು ಮುರಿದು ಬಾಯಿಗಿಟ್ಟು, "ಇದು ನಮ್ಮ ಜೋಳ" ಎಂದರು. ಸಂಜೆ ಒಂದು ಬಟ್ಟಲು ಮ್ಲೆಂಡಾ ತಂದರು. ಮಳೆಗಾಲದಲ್ಲಿ ಹೊಲದ ಅಂಚಿನಲ್ಲಿ ಹುಟ್ಟುವ ಕಾಡುಸೊಪ್ಪನ್ನು ಒಣಗಿಸಿ, ಪುಡಿ ಮಾಡಿ, ಬೇಸಗೆಯಲ್ಲಿ ಶೇಂಗಾ ಪುಡಿ ಸೇರಿಸಿ ಕುದಿಸುತ್ತಾರೆ. ಬೆಂಡೆಕಾಯಿಗಿಂತ ಲೋಳೆ. ಎಳೆ ಎಳೆಯಾಗಿ ಬೆರಳಿನಿಂದ ಬಟ್ಟಲಿಗೆ ಜೋತುಬೀಳುತ್ತದೆ, ವಾಸನೆ ಒಣಹುಲ್ಲಿನದು. ಉಗಾಲಿಯನ್ನು, ಅಂದರೆ ಹಿಟ್ಟಿನ ಗಟ್ಟಿ ಮುದ್ದೆಯನ್ನು, ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಮ್ಲೆಂಡಾ ಎತ್ತಿಕೊಂಡು ಕೈ ತಿರುಗಿಸಿ ಎಳೆ ಕಡಿಯಬೇಕು. ಆ ತಿರುಗಿಸುವುದನ್ನು ನನ್ನ ಮಗ ಎರಡನೇ ದಿನಕ್ಕೇ ಕಲಿತ. ಉಗಾಲಿಯನ್ನು ರಾಗಿಮುದ್ದೆಯಂತೆ ನುಂಗುವಂತಿಲ್ಲ, ಅಗಿಯಬೇಕು.

ಕೊಟ್ಟ ಬಟ್ಟಲನ್ನು ಖಾಲಿ ಮರಳಿಸಬೇಡಿ. ಇದು ನಮ್ಮಲ್ಲೂ ಇದ್ದ ರೀತಿ. ಊಟಕ್ಕೆ ಕರೆದಾಗ ಮನೆಯವರು ಚೊಂಬಿನಿಂದ ನಿಮ್ಮ ಕೈಗೆ ನೀರು ಹಾಕುತ್ತಾರೆ. ನಿಮ್ಮ ಮನೆಗೆ ಬಂದವರಿಗೆ ನೀವೂ ಹಾಕಿ. ನೀರು ಹಾಕುವ ಕೈ ನಿಮ್ಮದೇ ಆಗಿರಲಿ, ಕೆಲಸದವಳಿಗೆ ಬಿಡಬೇಡಿ. ಇದ್ದಿಲ ಒಲೆಯನ್ನು ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗಬೇಡಿ, ಅದರ ವಿಷಗಾಳಿಗೆ ವಾಸನೆ ಇರುವುದಿಲ್ಲ, ಜೀವ ಹೋಗುತ್ತದೆ.

ಜ್ವರ

ಡೊಡೊಮಾದಲ್ಲಿ ಮಲೇರಿಯಾ ವಿಕ್ಟೋರಿಯಾ ಸರೋವರದ ಕಡೆಯಷ್ಟಿಲ್ಲ. ಆ ಧೈರ್ಯವೇ ನನ್ನನ್ನು ಕೆಡಿಸಿತು. ಎರಡನೇ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ಸರೋವರದ ದಂಡೆಯ ಎಂವಾಂಜಾಕ್ಕೆ ಹೋಗಿ ಬಂದೆವು. ಮರಳಿದ ಹತ್ತನೇ ದಿನ ಮಗನ ಮೈ ಸುಡತೊಡಗಿತು. ಗಂಟಲು ಕೆಂಪಾಗಿತ್ತು, ನೆಗಡಿ ಜ್ವರ ಎಂದು ಪ್ಯಾರಾಸಿಟಮಾಲ್ ಕೊಟ್ಟು, ಬೆಳಿಗ್ಗೆ ನೋಡೋಣ ಎಂದು ಮಲಗಿಸಿದೆ. ನರ್ಸ್ ಆಗಿಯೂ ನಾನೇ ತಡ ಮಾಡಿದೆ. ಬೆಳಗಿನ ಜಾವ ಮಗು ಸೆಟೆದುಕೊಂಡಿತು, ಕಣ್ಣು ಮೇಲಕ್ಕೆ ಹೋದವು. ನೆರೆಯವರ ಪಿಕಪ್ಪಿನಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಕೊರೊಂಗೊ ತುಂಬಿ ಹರಿಯುತ್ತಿತ್ತು. ಕೊರೊಂಗೊ ಎಂದರೆ ಬೇಸಗೆಯಲ್ಲಿ ಒಣಮರಳು, ಮಳೆ ಬಂದರೆ ಲಾರಿಯನ್ನೇ ಎಳೆದೊಯ್ಯುವ ಹಳ್ಳ. ಹರಿಯುವ ಕೊರೊಂಗೊಕ್ಕೆ ಗಾಡಿ ಇಳಿಸಬಾರದು, ಯಾರ ಜೀವ ಹೋಗುತ್ತಿದ್ದರೂ ಇಳಿಸಬಾರದು. ಎರಡು ತಾಸು ದಂಡೆಯಲ್ಲಿ ಕಾದೆವು. ಬೀಬಿ ನಮ್ಮ ಜೊತೆ ಗಾಡಿ ಹತ್ತಿದ್ದರು. ಮಗುವಿನ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ಅಂಗಾಲು ತಿಕ್ಕುತ್ತಾ "ಪೊಲೆ ಬಾಬಾ, ಪೊಲೆ" ಎನ್ನುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಮಲೇರಿಯಾದ ಆರ್ಟಿಸುನೇಟ್ ಚುಚ್ಚುಮದ್ದು ಕೊಟ್ಟರು. ಮೂರನೇ ದಿನ ಮಗ ಉಜಿ ಕೇಳಿದ. ಉಜಿ ಎಂದರೆ ಉಲೇಜಿಯ ಗಂಜಿ, ನಮ್ಮ ರಾಗಿ ಅಂಬಲಿಯೇ.

ಆದ್ದರಿಂದ ಕೇಳಿ: ನಮ್ಮ ನಾಡಿನ ಮಲೇರಿಯಾದ ಅಂದಾಜಿನಲ್ಲಿ ಇರಬೇಡಿ. ಅಲ್ಲಿರುವುದು ಬಹುಪಾಲು ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾ, ಒಂದೆರಡು ದಿನದಲ್ಲಿ ಮಿದುಳಿಗೆ ಏರಬಲ್ಲದು. ಜ್ವರ ಬಂದರೆ ಮೊದಲು ಪರೀಕ್ಷೆ, ಆಮೇಲೆ ಯೋಚನೆ. ಬೆರಳು ಚುಚ್ಚಿ ನೋಡುವ ಕಿಟ್ಟು 15-20 ನಿಮಿಷದಲ್ಲಿ ಹೇಳುತ್ತದೆ, ಮನೆಯಲ್ಲಿ ಇಟ್ಟುಕೊಳ್ಳಿ. ಮೊದಲ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದು ಜ್ವರ ಇಳಿಯದಿದ್ದರೆ ಮತ್ತೆ ಮಾಡಿಸಿ. ಅಲ್ಲಿ ಕೊಡುವ ಮಾತ್ರೆ ಆಲು, ಅಂದರೆ ಆರ್ಟಿಮೆಥರ್ ಮತ್ತು ಲುಮೆಫ್ಯಾಂಟ್ರಿನ್ ಜೋಡಿ. ಮೂರು ದಿನ, ಆರು ಸಲ. ಎರಡನೆಯದು ಮೊದಲಿನದಕ್ಕೆ ಎಂಟು ತಾಸಿನ ಮೇಲೆ. ಹಾಲು ಅಥವಾ ಎಣ್ಣೆ ಇರುವ ಊಟದ ಜೊತೆ ಕೊಟ್ಟರೇ ಅದು ಮೈಗೆ ಹತ್ತುವುದು. ಎರಡನೇ ದಿನ ಮಗು ಆಡತೊಡಗಿತು ಎಂದು ನಿಲ್ಲಿಸಬೇಡಿ. ಸೊಳ್ಳೆಪರದೆಯನ್ನು ಕತ್ತಲಾಗುವ ಮುಂಚೆಯೇ ಹಾಸಿಗೆಯ ಕೆಳಗೆ ಸಿಕ್ಕಿಸಿ, ಈ ಸೊಳ್ಳೆ ಕಚ್ಚುವುದು ರಾತ್ರಿ.

ಇನ್ನೊಂದನ್ನು ಹುಬ್ಬಳ್ಳಿ, ಮಂಗಳೂರಿನಲ್ಲಿರುವ ನಿಮ್ಮ ಬಂಧುಗಳಿಗೂ ಹೇಳಿಡಿ. ರಜೆಗೆ ಊರಿಗೆ ಬಂದ ಮೇಲೆ ಜ್ವರ ಬಂದರೆ, ತಿಂಗಳಾಗಿದ್ದರೂ ಸರಿ, ಡಾಕ್ಟರಿಗೆ ಮೊದಲ ಮಾತೇ "ಆಫ್ರಿಕಾದಿಂದ ಬಂದಿದ್ದೇವೆ" ಎಂದಿರಬೇಕು.

ಉಳಿದವು ಚಿಕ್ಕವು. ಹೊರಗೆ ಒಣಗಿಸಿದ ಬಟ್ಟೆಗೆ ಎರಡೂ ಬದಿ ಇಸ್ತ್ರಿ ಮಾಡಿ, ಒದ್ದೆ ಬಟ್ಟೆಯ ಮೇಲೆ ಮೊಟ್ಟೆಯಿಡುವ ನೊಣವೊಂದಿದೆ, ಅದರ ಹುಳು ಚರ್ಮದೊಳಗೆ ಬೆಳೆಯುತ್ತದೆ. ಬರಿಗಾಲಲ್ಲಿ ಧೂಳಿಗೆ ಇಳಿದರೆ ಉಗುರಿನಡಿ ಫುಂಜಾ ಚಿಗಟ ಹೊಕ್ಕುತ್ತದೆ. ಕೆರೆ, ಸರೋವರದಲ್ಲಿ ಮಕ್ಕಳನ್ನು ಈಜಲು ಬಿಡಬೇಡಿ, ಬಸವನಹುಳುವಿನಿಂದ ಹರಡುವ ಕಿಚೊಚೊ ರೋಗ ನೀರಿನಿಂದಲೇ ಮೈಗೆ ಇಳಿಯುತ್ತದೆ.

ಮಕ್ಕಳು

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಸ್ವಾಹಿಲಿಯಲ್ಲಿ, ಹೈಸ್ಕೂಲಿಗೆ ಹೋದಾಗ ಇಂಗ್ಲಿಷು. ನಾವು ಇಬ್ಬರನ್ನೂ ಮೊದಲ ಎರಡು ವರ್ಷ ಹಳ್ಳಿಯ ಶಾಲೆಗೇ ಕಳಿಸಿ, ಆಮೇಲೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಹಾಕಿದೆವು. ಆ ಎರಡು ವರ್ಷ ಗಣಿತದಲ್ಲಿ ಹಿಂದೆ ಬಿದ್ದದ್ದು ನಿಜ. ಆದರೆ ಊರಿನ ಮಕ್ಕಳಾದರು. ಕನ್ನಡಕ್ಕೆ ರಾತ್ರಿ ಪ್ರಾರ್ಥನೆಯ ಹೊತ್ತನ್ನು ಮೀಸಲಿಡಿ: ಒಂದು ಅಧ್ಯಾಯ ಅವರೇ ಜೋರಾಗಿ ಓದಲಿ. ಭಾರತ ಎರಡೂವರೆ ತಾಸು ಮುಂದಿದೆ. ಅಲ್ಲಿ ಸಂಜೆ ಐದಕ್ಕೆ ಫೋನು ಮಾಡಿದರೆ ಅಜ್ಜ-ಅಜ್ಜಿ ಇಲ್ಲಿ ಊಟಕ್ಕೆ ಕೂರುವ ಸಮಯ.

ಬಾಗಿಲಿಗೆ ಬಂದವರು

ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ: ಶಾಲೆಯ ಸಮವಸ್ತ್ರಕ್ಕೆ, ಔಷಧಕ್ಕೆ, ಗೊಬ್ಬರಕ್ಕೆ. ಒಂದು ವರ್ಷ ನಾವು ಸಾಲ ಕೊಟ್ಟೆವು. ತೀರಿಸಲಾಗದವರು ನಮ್ಮನ್ನು ಕಂಡರೆ ದಾರಿ ಬದಲಿಸತೊಡಗಿದರು. ಹಣಕ್ಕಿಂತ ಜನರನ್ನು ಕಳೆದುಕೊಂಡೆವು. ಆಮೇಲೆ ಸಾಲ ನಿಲ್ಲಿಸಿದೆವು. ತಿಂಗಳಿಗೆ ಇಷ್ಟು ಎಂದು ತೆಗೆದಿಟ್ಟು, ಸಭೆಯ ಹಿರಿಯರ ಕೈಗೆ ಕೊಟ್ಟು, ಯಾರಿಗೆ ಎಂಬುದನ್ನು ಅವರಿಗೇ ಬಿಟ್ಟೆವು. ರಾತ್ರಿ ಕಾಯಿಲೆಯವರು ಬಂದರೆ ಮಾತ್ರ ಲೆಕ್ಕವಿಲ್ಲ. ನೀವೂ ಕೇಳುವುದನ್ನು ಕಲಿಯಿರಿ: ಉಪ್ಪು, ಬೆಂಕಿ, ಗುದ್ದಲಿ. ಕೊಡುವುದಷ್ಟೇ ಗೊತ್ತಿರುವ ಮನೆ ಮತ್ತೆ ಅಂಗಡಿಯೇ ಆಗುತ್ತದೆ. ಎರಡು ದಿನ ಅತಿಥಿ, ಮೂರನೇ ದಿನ ಕೈಗೆ ಗುದ್ದಲಿ ಕೊಡು ಎಂಬ ಗಾದೆ ಸ್ವಾಹಿಲಿಯಲ್ಲಿದೆ. ಮೊದಲ ಮಳೆಗೆ ಬೀಬಿ ನನಗೆ ನಿಜವಾಗಿಯೂ ಗುದ್ದಲಿ ಕೊಟ್ಟರು, ಅವರ ಶೇಂಗಾ ಹೊಲದಲ್ಲಿ ಒಂದು ಸಾಲು ನನ್ನದಾಯಿತು.

ಸಾವಾದ ಮನೆಗೆ ಹೋಗಲೇಬೇಕು, ಸತ್ತವರ ಪರಿಚಯ ಇಲ್ಲದಿದ್ದರೂ. ಸೀರೆಯ ಮೇಲೊಂದು ಕಂಗಾ, ಅಂದರೆ ಅಲ್ಲಿಯ ಹೆಂಗಸರು ಉಡುವ ಅಚ್ಚಿನ ಬಟ್ಟೆ, ಸುತ್ತಿಕೊಂಡು, ಹಿಟ್ಟೋ ಕಾಳೋ ಒಯ್ದು, ಹೆಂಗಸರ ಚಾಪೆಯಲ್ಲಿ ಸುಮ್ಮನೆ ಕೂರಿ. ಮಾತು ಬಾರದಿದ್ದರೆ ಬೇಡ, ಪಾತ್ರೆ ತೊಳೆಯಿರಿ. ಭಾನುವಾರದ ಆರಾಧನೆ ಮೂರು ತಾಸು, ಆಮೇಲೆ ಕಾಣಿಕೆಯಾಗಿ ಬಂದ ಕೋಳಿ, ಮೊಟ್ಟೆ, ಕಬ್ಬಿನ ಹರಾಜು, ನಮ್ಮ ಸಭೆಗಳ ಸುಗ್ಗಿ ಹಬ್ಬದಂತೆಯೇ. ಏನಾದರೊಂದನ್ನು ಕೂಗಿ ಕೊಳ್ಳಿ.

ಮನೆಗೆ ಬಂದವರನ್ನು ಬಾಗಿಲಲ್ಲೇ ಬೀಳ್ಕೊಡಬೇಡಿ. ಸ್ವಲ್ಪ ದೂರ ಜೊತೆಗೆ ನಡೆಯಬೇಕು, ಅದಕ್ಕೆ ಕುಸಿಂದಿಕಿಜಾ ಎಂಬ ಪದವೇ ಇದೆ. ನಮ್ಮ ಮನೆಯಿಂದ ಕಳಿಸಿಬರುವ ಎಲ್ಲೆ ಒಂದು ಎಂಬುಯು, ಅಂದರೆ ಬಾವೋಬಾಬ್ ಮರ. ಸವಣೂರಿನಲ್ಲಿ ದೊಡ್ಡ ಹುಣಸೆ ಎಂದು ನಾವು ನೋಡಲು ಹೋಗುತ್ತೇವಲ್ಲ, ಅದೇ ಜಾತಿ, ಅಲ್ಲಿ ಹೊಲಕ್ಕೊಂದು ನಿಂತಿರುತ್ತವೆ. ನಾವು ಊರು ಬಿಟ್ಟ ದಿನ ಬೀಬಿ ಆ ಮರದವರೆಗೆ ಬಂದರು, ನಿಲ್ಲಲಿಲ್ಲ. ಬಸ್ಸು ನಿಲ್ಲುವ ಜಾಗದವರೆಗೂ ನಮ್ಮ ಒಂದು ಚೀಲವನ್ನು ತಲೆಯ ಮೇಲೆ ಹೊತ್ತು ನಡೆದರು. ಚೀಲ ಇಳಿಸಿದ ಮೇಲೆ ನೋಡಿದರೆ ಬಾಯಿ ಬಿಗಿದ ಒಂದು ಗಂಟು ಅದರೊಳಗೆ ಸೇರಿತ್ತು: ಒಣಗಿದ ಮ್ಲೆಂಡಾ ಪುಡಿ.